ಪಾರ್ಕಿಂಗ್ ಶಟರ್ ಮೋಟರ್ ಗುಂಯ್ ಅನ್ನುತ್ತೆ, ಮೇಲೆ ಏಳಲ್ಲ: ಹೊಸದು ಯಾವುದು ತಗೊಳ್ಳಲಿ?

ಮೂವತ್ತು_ನಲವತ್ತು:

ಎಲ್ಲರಿಗೂ ನಮಸ್ಕಾರ. ನಮ್ಮದು ಬನಶಂಕರಿ ಮೂರನೇ ಹಂತದಲ್ಲಿ 30×40 ಸೈಟಿನ ಮನೆ. ಕೆಳಗೆ ಕಾರ್ ಪಾರ್ಕಿಂಗ್. ಅದಕ್ಕೆ 10 ಅಡಿ ಅಗಲ, 8 ಅಡಿ ಎತ್ತರದ ರೋಲಿಂಗ್ ಶಟರ್ ಇದೆ. ಏಳು ವರ್ಷದ ಹಿಂದೆ ಮನೆ ಕಟ್ಟಿಸಿದಾಗಲೇ ರಿಮೋಟ್ ಮೋಟರ್ ಹಾಕಿಸಿದ್ದೆವು.

ಕಳೆದ ವಾರ ಸಂಜೆ ಗುಡುಗು ಮಳೆ ಬಂದು ಕರೆಂಟ್ ಹೋಯಿತು. ಒಂದೂವರೆ ಗಂಟೆ ಬಿಟ್ಟು ಬಂತು. ಅವತ್ತಿನಿಂದ ಬಟನ್ ಒತ್ತಿದರೆ ಮೋಟರ್ ಗುಂಯ್ ಅನ್ನುತ್ತದೆ. ಶಟರ್ ಒಂದು ಗೇಣು ಎದ್ದು ಅಲ್ಲೇ ನಿಲ್ಲುತ್ತದೆ. ನಾಲ್ಕೈದು ಸಲ ಒತ್ತಿದರೆ ಸದ್ದೂ ಇಲ್ಲ. ಅರ್ಧ ಗಂಟೆ ಬಿಟ್ಟು ಒತ್ತಿದರೆ ಮತ್ತೆ ಗುಂಯ್.

ಒಬ್ಬ ಮೆಕ್ಯಾನಿಕ್ ಬಂದು ಕೆಳಗಿನಿಂದಲೇ ನೋಡಿದರು. ಮೋಟರ್ ಸುಟ್ಟಿದೆ, 600 ಕೆಜಿ ಎತ್ತುವ ಸೈಡ್ ಮೋಟರ್ ಹಾಕಿಬಿಡಿ, ಎಲ್ಲ ಸೇರಿ 34 ಸಾವಿರ ಎಂದರು. ಮೇಲಿನ ಕವರ್ ಬಿಚ್ಚಿಯೂ ನೋಡಲಿಲ್ಲ.

ನನ್ನ ಚಿಂತೆ ಎರಡು. ಅಪ್ಪನಿಗೆ 74 ವರ್ಷ, ಮೊಣಕಾಲು ನೋವು. ನಾನು ಆಫೀಸಿಗೆ ಹೋದ ಮೇಲೆ ಕರೆಂಟ್ ಹೋದರೂ ಅವರು ಶಟರ್ ತೆಗೆಯುವ ಹಾಗಿರಬೇಕು. ಇನ್ನೊಂದು, ನನ್ನ ಮಗಳಿಗೆ ನಾಲ್ಕು ವರ್ಷ, ಇಡೀ ಸಂಜೆ ಅಲ್ಲೇ ಆಡುತ್ತಾಳೆ. ಹೊಸ ಮೋಟರ್ ತಗೊಳ್ಳುವಾಗ ಏನು ನೋಡಬೇಕು ಹೇಳಿ.

ಕಬ್ಬಿಣದ_ಕೈ:

ಸರ್, ದುಡ್ಡು ಕೊಡುವ ಮೊದಲು ಒಂದು ದಿನ ತಡೆಯಿರಿ. ನಾನು ಇಪ್ಪತ್ತು ವರ್ಷದಿಂದ ಪೀಣ್ಯದಲ್ಲಿ ಗೇಟು, ಶಟರ್ ಕೆಲಸ ಮಾಡುತ್ತಿದ್ದೇನೆ. ಶಟರ್ ಭಾರವಾಗಿರುವುದಕ್ಕೆ ಮೋಟರನ್ನು ಬೈಯುವುದನ್ನು ತುಂಬಾ ನೋಡಿದ್ದೇನೆ.

ಮೊದಲು ಇದು ಹೇಳಿ: ಮೋಟರ್ ಎಲ್ಲಿದೆ? ಶಟರ್ ಸುತ್ತಿಕೊಳ್ಳುವ ಶಾಫ್ಟ್ ಪೈಪಿನ ನಡುಮಧ್ಯೆ ಕೂತಿದ್ದರೆ ಸೆಂಟ್ರಲ್ ಮೋಟರ್. ಪಕ್ಕದಲ್ಲಿ ಕೂತು ಸೈಕಲ್ ಚೈನಿನ ಥರದ ದಪ್ಪ ಚೈನಿನಿಂದ ಶಾಫ್ಟ್ ತಿರುಗಿಸುತ್ತಿದ್ದರೆ ಸೈಡ್ ಮೋಟರ್. ಎರಡರ ಲೆಕ್ಕವೇ ಬೇರೆ.

ಸೆಂಟ್ರಲ್ ಆದರೆ ಒಂದು ಪರೀಕ್ಷೆ ಮಾಡಿ. ಶಟರಿಗೆ ಕರೆಂಟ್ ಕೊಡುವ ಎಂಸಿಬಿ ಸ್ವಿಚ್ ಆಫ್ ಮಾಡಿ. ಬ್ರೇಕ್ ಬಿಡಿಸುವ ಕೇಬಲ್ ಒಂದು ನೇತಾಡುತ್ತಿರುತ್ತದೆ, ಅದನ್ನು ಒಬ್ಬರು ಎಳೆದು ಹಿಡಿಯಲಿ. ಇನ್ನಿಬ್ಬರು ಎರಡೂ ತುದಿಯಲ್ಲಿ ನಿಂತು ಕೈಯಿಂದ ಎತ್ತಿ. ಸೊಂಟದ ಎತ್ತರಕ್ಕೆ ತಂದು, ಕೈ ತೆಗೆಯದೆ ಹಿಡಿತ ಸ್ವಲ್ಪ ಸಡಿಲ ಮಾಡಿ ನೋಡಿ. ಸರಿಯಾಗಿರುವ ಶಟರ್ ಅಲ್ಲೇ ನಿಲ್ಲುತ್ತದೆ, ಇಲ್ಲ ನಿಧಾನಕ್ಕೆ ಸರಿಯುತ್ತದೆ. ದಡಕ್ಕನೆ ಕೆಳಗೆ ಎಳೆದರೆ ಸ್ಪ್ರಿಂಗ್ ಹೋಗಿದೆ ಅಂತ ಅರ್ಥ. ದಯವಿಟ್ಟು ಯಾರೂ ಕೆಳಗೆ ಕಾಲು ಇಡಬೇಡಿ. ಮಗುವನ್ನು ಮನೆ ಒಳಗೆ ಕಳಿಸಿಬಿಡಿ.

ಮೂವತ್ತು_ನಲವತ್ತು:

ಮಾಡಿ ನೋಡಿದೆವು ಸರ್. ಮೋಟರ್ ನಡುಮಧ್ಯೆ ಇದೆ. ನಾನು ಮತ್ತು ಪಕ್ಕದ ಮನೆಯ ಹುಡುಗ ಸೇರಿ ಎತ್ತುವುದೇ ಕಷ್ಟವಾಯಿತು. ಸೊಂಟದ ಎತ್ತರದಲ್ಲಿ ಹಿಡಿತ ಸಡಿಲ ಮಾಡಿದ ಕೂಡಲೇ ಜಗ್ಗಿತು. ಬಲಗಡೆ ಜಾಸ್ತಿ ಜಗ್ಗಿದ ಹಾಗೆ ಅನಿಸಿತು. ಅಪ್ಪ ಹೇಳುತ್ತಾರೆ, ಎರಡು ತಿಂಗಳ ಹಿಂದೆ ರಾತ್ರಿ ಕೆಳಗೆ ಫಟಾರ್ ಅಂತ ಸದ್ದು ಬಂದಿತ್ತಂತೆ. ಬೆಕ್ಕು ಏನೋ ಬೀಳಿಸಿದೆ ಅಂದುಕೊಂಡು ಸುಮ್ಮನಾಗಿದ್ದರಂತೆ.

ಕಬ್ಬಿಣದ_ಕೈ:

ಆ ಸದ್ದೇ ಸ್ಪ್ರಿಂಗ್ ತುಂಡಾದ ಸದ್ದು ಸರ್. ಲೆಕ್ಕ ಹಾಕಿ ತೋರಿಸುತ್ತೇನೆ.

ನಿಮ್ಮ ಶಟರ್ 10×8 ಅಡಿ. ಮೇಲೆ ಸುತ್ತಿಕೊಂಡಿರುವ ಭಾಗ ಸೇರಿ ಹತ್ತಿರ ಹತ್ತಿರ 8 ಚದರ ಮೀಟರ್ ಪಟ್ಟಿ. ಪಟ್ಟಿ 18 ಗೇಜ್ ಅಂತ ಇಟ್ಟುಕೊಳ್ಳೋಣ, ಅಂದರೆ 1.2 ಮಿಮೀ ದಪ್ಪ. ಚಪ್ಪಟೆ ಶೀಟೇ ಒಂದು ಚದರ ಮೀಟರಿಗೆ 9.4 ಕೆಜಿ ಬರುತ್ತದೆ. ಪಟ್ಟಿ ಬಾಗಿಸಿ, ಒಂದಕ್ಕೊಂದು ಕೊಂಡಿ ಹಾಕುವುದರಿಂದ 12 ಕೆಜಿ ಅಂತ ಇಟ್ಟುಕೊಳ್ಳಿ. ಕೆಳಗಿನ ಆಂಗಲ್ ಸೇರಿಸಿದರೆ ಒಟ್ಟು 110 ಕೆಜಿ ಆಸುಪಾಸು.

ಸೆಂಟ್ರಲ್ ಮೋಟರ್ ಇರುವ ಶಟರಿನಲ್ಲಿ ಈ ಭಾರದ ಬಹುಪಾಲನ್ನು ಹೊರುವುದು ಮೋಟರ್ ಅಲ್ಲ, ಎರಡೂ ಕಡೆಯ ಸ್ಪ್ರಿಂಗ್. ಮೋಟರ್ ಬರೀ ಉಳಿದ ಚೂರು ಭಾರ ಎಳೆಯುತ್ತದೆ. ಒಂದು ಕಡೆ ಸ್ಪ್ರಿಂಗ್ ಹೋದರೆ ಸುಮಾರು ಅರ್ಧ ಭಾರ ಮೋಟರ್ ಮೇಲೆ ಬೀಳುತ್ತದೆ. ಎರಡು ತಿಂಗಳು ಆ ಮೋಟರ್ ಹೆಣಗಾಡಿದೆ. ಪಾಪ, ಅದರ ತಪ್ಪಲ್ಲ.

ಸ್ಪ್ರಿಂಗನ್ನು ಮಾತ್ರ ನೀವೇ ಬಿಚ್ಚಲು ಹೋಗಬೇಡಿ. ಒಳಗೆ ಬಿಗಿಯಾಗಿ ಸುತ್ತಿದ ಉಕ್ಕಿನ ಪಟ್ಟಿ ಅದು. ಕೈ ತಪ್ಪಿದರೆ ಬೆರಳು ಹೋಗುತ್ತದೆ. ನಮ್ಮ ಹುಡುಗರಲ್ಲೂ ಒಬ್ಬನಿಗೆ ಹಾಗಾಗಿದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಶಟರ್ ಕೆಲಸದವರಿಂದಲೇ ಮಾಡಿಸಿ. ಒಂದು ಕಡೆ ಮಾತ್ರ ಬದಲಾಯಿಸಲು ಒಪ್ಪಬೇಡಿ, ಎರಡೂ ಕಡೆ ಒಟ್ಟಿಗೆ ಹಾಕಿಸಿ. ಹಳೆಯದೊಂದು, ಹೊಸದೊಂದು ಇದ್ದರೆ ಶಟರ್ ಒಂದೇ ಪಕ್ಕಕ್ಕೆ ಓಡುತ್ತದೆ.

ರಿಲೇ_ಬೋರ್ಡ್:

ಅಣ್ಣ ಹೇಳಿದ್ದು ಸರಿ. ವೈರಿಂಗ್ ಕಡೆಯಿಂದ ನಾನು ಒಂದೆರಡು ಮಾತು ಸೇರಿಸುತ್ತೇನೆ.

ಗುಂಯ್ ಅಂದು ತಿರುಗದೆ ಇದ್ದರೆ ಮೊದಲ ಅನುಮಾನ ಕೆಪಾಸಿಟರ್ ಮೇಲೆ, ಅಂದರೆ ಮೋಟರ್ ತಿರುಗಲು ಶುರುವಾಗುವಾಗ ತಳ್ಳು ಕೊಡುವ ಡಬ್ಬಿ ಥರದ ಬಿಡಿಭಾಗ. ಬಿಸಿಯಲ್ಲಿ ಅದು ಬೇಗ ಸೊರಗುತ್ತದೆ. ಹೊಟ್ಟೆ ಉಬ್ಬಿದೆಯಾ ಅಂತ ನೋಡಲು ಹೇಳಿ. ಅದರ ಮೇಲೆ ಬರೆದಿರುವ ಮೈಕ್ರೋಫ್ಯಾರಡ್ ಮತ್ತು ವೋಲ್ಟೇಜ್ ಫೋಟೊ ತೆಗೆದುಕೊಂಡು ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋದರೆ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಎಂಸಿಬಿ ಆಫ್ ಇದ್ದರೂ ಕೆಪಾಸಿಟರ್ ಒಳಗೆ ಚಾರ್ಜ್ ಉಳಿದಿರುತ್ತದೆ, ಗೊತ್ತಿರುವ ಎಲೆಕ್ಟ್ರಿಷಿಯನ್ ಕೈಲೇ ಬಿಚ್ಚಿಸಿ. ಅರ್ಧ ಗಂಟೆ ಬಿಟ್ಟರೆ ಮತ್ತೆ ಸದ್ದು ಬರುತ್ತಿದೆ ಅಂದರೆ ಮೋಟರ್ ಪೂರ್ತಿ ಸುಟ್ಟಿರಲಿಕ್ಕಿಲ್ಲ. ಬಹುಶಃ ಬಿಸಿ ಜಾಸ್ತಿ ಆಗಿ ಒಳಗಿನ ಥರ್ಮಲ್ ಕಟ್-ಆಫ್ ನಿಲ್ಲಿಸುತ್ತಿದೆ, ಆರಿದ ಮೇಲೆ ಬಿಡುತ್ತಿದೆ.

ಕಂಟ್ರೋಲ್ ಡಬ್ಬಿಯನ್ನೂ ತೆಗೆದು ನೋಡಿ. ಬೆಚ್ಚಗಿರುತ್ತೆ ಅಂತ ಇರುವೆ ಗೂಡು ಕಟ್ಟುತ್ತದೆ, ಹಲ್ಲಿ ಮೋಟರನ್ನು ಆನ್-ಆಫ್ ಮಾಡುವ ರಿಲೇ ಕಾಲುಗಳ ಮಧ್ಯೆ ಸಿಕ್ಕಿ ಸಾಯುತ್ತದೆ. ಮಳೆಗಾಲ ಶುರುವಾದರೆ ನನಗೆ ಬರುವ ರಿಪೇರಿಯಲ್ಲಿ ಇಂಥದ್ದೇ ಜಾಸ್ತಿ. ಕೇಬಲ್ ಬರುವ ತೂತನ್ನು ಸಿಲಿಕಾನ್‌ನಿಂದ ಮುಚ್ಚಿಸಿ. ಏಪ್ರಿಲ್, ಮೇ ಸಿಡಿಲಿಗೆ ವೋಲ್ಟೇಜ್ ದಿಢೀರ್ ಏರಿದರೆ ತಡೆಯುವ ಒಂದು ಸರ್ಜ್ ಪ್ರೊಟೆಕ್ಟರ್ ಕೂಡ ಹಾಕಿಸಿ.

ಹೊಸದೇ ತಗೊಳ್ಳುವುದಾದರೆ ರಿಮೋಟ್ ರೋಲಿಂಗ್ ಕೋಡ್ ಇರಲಿ. ಹಳೆಯ ಫಿಕ್ಸೆಡ್ ಕೋಡ್ ರಿಮೋಟನ್ನು ಡೂಪ್ಲಿಕೇಟ್ ಕೀ ಮಾಡುವ ಅಂಗಡಿಯಲ್ಲೇ ಕಾಪಿ ಮಾಡಿಬಿಡುತ್ತಾರೆ. ರೋಲಿಂಗ್ ಕೋಡ್ ಪ್ರತಿ ಸಲ ಒತ್ತಿದಾಗಲೂ ಬದಲಾಗುತ್ತದೆ.

ಮರಳಿ_ಬಂದವಳು:

ಮಗು ಇದೆ ಅಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾವು ಹನ್ನೊಂದು ವರ್ಷ ಅಮೆರಿಕದಲ್ಲಿದ್ದು ಈಗ ಜೆ.ಪಿ. ನಗರಕ್ಕೆ ಬಂದಿದ್ದೇವೆ. ಅಲ್ಲಿ ಗ್ಯಾರೇಜ್ ಬಾಗಿಲು ಹಲಗೆ ಹಲಗೆಯಾಗಿ ಮಡಚಿಕೊಂಡು ಸೂರಿನ ಕೆಳಗೆ ಹೋಗುತ್ತದೆ. ಅಲ್ಲೂ ಭಾರ ಹೊರುವುದು ಸ್ಪ್ರಿಂಗೇ. ಅದಕ್ಕೇ ಅಷ್ಟು ದೊಡ್ಡ ಬಾಗಿಲಿಗೆ ಅರ್ಧ ಹಾರ್ಸ್‌ಪವರ್ ಓಪನರ್ ಸಾಕಾಗುತ್ತದೆ. ಅಂದರೆ ಇಲ್ಲಿ 600 ಕೆಜಿ ಅಂತ ಹೆದರಿಸುವುದಕ್ಕೆ ಅರ್ಥವೇ ಇಲ್ಲ.

ನಾನು ಹೇಳಬೇಕಾದ್ದು ಬೇರೆ. ಅಲ್ಲಿ ಮಕ್ಕಳು ಬಾಗಿಲ ಕೆಳಗೆ ಸಿಕ್ಕಿ ಪ್ರಾಣ ಕಳೆದುಕೊಂಡ ಮೇಲೆ ಕಾನೂನೇ ಬಂತು. 1993ರ ಜನವರಿ 1ರಿಂದ ತಯಾರಾಗುವ ಮನೆಬಳಕೆಯ ಓಪನರ್‌ಗಳಿಗೆ ಅಡ್ಡ ಬಂದವರನ್ನು ಕಾಪಾಡುವ ಹೆಚ್ಚಿನ ಏರ್ಪಾಡು ಕಡ್ಡಾಯ. ಸಾಮಾನ್ಯವಾಗಿ ಅದು ಬಾಗಿಲ ಎರಡೂ ಪಕ್ಕ, ನೆಲದಿಂದ 6 ಇಂಚಿನೊಳಗೆ ಕೂರಿಸುವ ಕಿರಣದ ಸೆನ್ಸರ್. ಕಿರಣ ತುಂಡಾದರೆ ಇಳಿಯುತ್ತಿರುವ ಬಾಗಿಲು ವಾಪಸ್ ಮೇಲೆ ಹೋಗುತ್ತದೆ.

ಇಲ್ಲಿ ಮೂರು ಕಡೆ ಶಟರ್ ಮೋಟರ್ ವಿಚಾರಿಸಿದೆ. ಯಾರೂ ತಾವಾಗಿ ಸೆನ್ಸರ್ ಮಾತು ಎತ್ತಲಿಲ್ಲ. ಕೇಳಿದ ಮೇಲೆ "ಬೇಕಾದ್ರೆ ಹಾಕ್ಕೊಡ್ತೀವಿ ಮೇಡಂ" ಅಂದರು. ಬೇಕಾದರೆ ಅಲ್ಲ, ಬೇಕೇ ಬೇಕು! ದೊಡ್ಡ ಮೋಟರ್ ಹಾಕಿದಷ್ಟೂ ಅಪಾಯ ಜಾಸ್ತಿ. ಅಡ್ಡ ಏನಿದೆ ಅಂತ ತಿಳಿಯದ 600 ಕೆಜಿ ಮೋಟರ್ ಮಗು ಇದ್ದರೂ ನಿಲ್ಲುವುದಿಲ್ಲ.

ಮೂವತ್ತು_ನಲವತ್ತು:

ಓದಿ ಮೈ ಜುಂ ಅಂತು ಮೇಡಂ. ಏಳು ವರ್ಷ ಇದನ್ನು ಯೋಚನೆಯೇ ಮಾಡಿರಲಿಲ್ಲ.

ಇವತ್ತಿನ ಸುದ್ದಿ: ಬಲಗಡೆ ಸ್ಪ್ರಿಂಗ್ ಎರಡು ತುಂಡಾಗಿತ್ತು. ಎರಡೂ ಕಡೆ ಹೊಸದು ಹಾಕಿಸಿದೆ. ಕೆಪಾಸಿಟರ್ ಉಬ್ಬಿತ್ತು, ಅದನ್ನೂ ಬದಲಾಯಿಸಿದರು. ಮೋಟರ್ ಸಲೀಸಾಗಿ ಎತ್ತಿತು! ಆದರೆ ಅರ್ಧಕ್ಕೆ ನಿಲ್ಲಿಸಿದರೆ ನಿಲ್ಲುತ್ತಿಲ್ಲ, ನಿಧಾನಕ್ಕೆ ಒಂದು ಗೇಣು ಕೆಳಗೆ ಜಾರುತ್ತದೆ. ಬ್ರೇಕ್ ಸವೆದಿದೆ, ಈ ಮಾಡೆಲ್‌ಗೆ ಬಿಡಿಭಾಗ ಈಗ ಬರುತ್ತಿಲ್ಲ ಅಂದರು. ಹಾಗಾದರೆ ಮೋಟರ್ ಬದಲಾಯಿಸಲೇಬೇಕು ಅಲ್ವಾ? ಸೈಡೋ, ಸೆಂಟ್ರಲ್ಲೋ?

ಕಬ್ಬಿಣದ_ಕೈ:

ಜಾರುವ ಬ್ರೇಕ್ ಇಟ್ಟುಕೊಳ್ಳಬೇಡಿ, ಬದಲಾಯಿಸಿ. ನಿಮ್ಮ ಮನೆಗೆ ಸೆಂಟ್ರಲ್ಲೇ ಸರಿ ಅನ್ನುತ್ತೇನೆ.

ಸೈಡ್ ಮೋಟರ್ ಹಾಕುವಾಗ ಸಾಮಾನ್ಯವಾಗಿ ಸ್ಪ್ರಿಂಗ್ ತೆಗೆದುಬಿಡುತ್ತಾರೆ. ಇಡೀ 110 ಕೆಜಿ ಚೈನ್ ಮತ್ತು ಬ್ರೇಕ್ ಮೇಲೆ ನೇತಾಡುತ್ತದೆ. ಚೈನ್ ತುಂಡಾದರೆ ಶಟರ್ ಬಿದ್ದೇ ಬೀಳುತ್ತದೆ. ಅದಕ್ಕೆ ಶಾಫ್ಟಿನ ಇನ್ನೊಂದು ತುದಿಗೆ ಬೀಳದಂತೆ ಹಿಡಿಯುವ ಸೇಫ್ಟಿ ಬ್ರೇಕ್ ಬೇಕು. ಮನೆ ಕೆಲಸದಲ್ಲಿ ಎಷ್ಟೋ ಜನ ಅದನ್ನು ಹಾಕುವುದೇ ಇಲ್ಲ. ಕರೆಂಟ್ ಹೋದರೆ ಕೈಚೈನ್ ಎಳೆಯಬೇಕು. ಭಾರ ಗೊತ್ತಾಗುವುದಿಲ್ಲ ನಿಜ, ಆದರೆ ಎಳೆದು ಎಳೆದು ತೋಳು ಸೋಲುತ್ತದೆ. ಗೋಡೌನಿಗೆ, ಅಗಲವಾದ ಅಂಗಡಿಗೆ ಅದು ಬೇಕು. ಅಲ್ಲೂ ನಿಮ್ಮಷ್ಟೇ ತೂಕದ ಶಟರ್ ಆದರೆ 300 ಕೆಜಿಯದು ಧಾರಾಳ.

ನಿಮಗೆ ಈಗ ಹೊಸ ಸ್ಪ್ರಿಂಗ್ ಇದೆ. ಕೇಬಲ್ ಎಳೆದು ಸಿಕ್ಕಿಸಿದರೆ ಅಪ್ಪನವರೇ ಮೆಲ್ಲಗೆ ಎತ್ತಬಹುದು. ಕೇಬಲ್ ಅವರ ಎದೆಯ ಎತ್ತರಕ್ಕೆ, ಬಗ್ಗದೆ ಸಿಗುವ ಹಾಗೆ ಕಟ್ಟಿಸಿ, ಎಳೆದ ಮೇಲೆ ಸಿಕ್ಕಿಸಿ ಬಿಡಲು ಒಂದು ಕೊಕ್ಕೆಯೂ ಇರಲಿ. ಶಟರಿಗೂ ನಡುಮಟ್ಟದಲ್ಲಿ ಎರಡು ಹಿಡಿ ಹಾಕಿಸಿ. ಎರಡು ದಿನ ಅವರ ಕೈಲೇ ಮಾಡಿಸಿ ನೋಡಿ. ಅಂದಹಾಗೆ, ಪಾರ್ಕಿಂಗಿಗೆ ಪಕ್ಕದಲ್ಲಿ ಸಣ್ಣ ಗೇಟು ಇದೆಯಾ? ಇಲ್ಲದಿದ್ದರೆ ಕರೆಂಟ್ ಹೋದಾಗ ನೀವು ಹೊರಗೆ, ಕೇಬಲ್ ಒಳಗೆ. ಆಗ ಹೊರಗೋಡೆಗೆ ಬೀಗ ಇರುವ ರಿಲೀಸ್ ಡಬ್ಬಿ ಹಾಕಿಸಬೇಕಾಗುತ್ತದೆ.

ಶಟರ್ ಓಡಾಡುವ ಪಕ್ಕದ ಗೈಡ್ ಚಾನೆಲ್‌ಗೆ ಗ್ರೀಸ್ ಮೆತ್ತಬೇಡಿ. ನಮ್ಮೂರ ಧೂಳಿಗೆ ಅದು ಅರೆಯುವ ಪುಡಿ ಆಗಿಬಿಡುತ್ತದೆ. ಬಟ್ಟೆಯಲ್ಲಿ ಒರೆಸಿ ಸಿಲಿಕಾನ್ ಸ್ಪ್ರೇ ಹೊಡೆದರೆ ಸಾಕು.

ರಿಲೇ_ಬೋರ್ಡ್:

ತಗೊಳ್ಳುವಾಗ ಬೋರ್ಡಿನಲ್ಲಿ ಸೆನ್ಸರ್ ಜೋಡಿಸುವ ಟರ್ಮಿನಲ್ ಇದೆಯಾ ಅಂತ ಕಣ್ಣಾರೆ ನೋಡಿ. ಅಗ್ಗದ ರಿಸೀವರ್‌ಗಳಲ್ಲಿ ಅದೇ ಇರುವುದಿಲ್ಲ. ಕೆಳಗೆ ಇಳಿಸುವ ಬಟನ್ ಮಾತ್ರ ಒತ್ತಿ ಹಿಡಿದಷ್ಟು ಹೊತ್ತು ಓಡುವ ಹಾಗೆ ಸೆಟ್ ಮಾಡಿಸಿ. ಬೆರಳು ತೆಗೆದರೆ ಶಟರ್ ನಿಲ್ಲಬೇಕು. ಆಗ ಇಳಿಸುವವರು ಅಲ್ಲೇ ನಿಂತು ನೋಡಲೇಬೇಕಾಗುತ್ತದೆ.

ಇನ್ವರ್ಟರಿಗೆ ಕೊಡುವ ಯೋಚನೆ ಇದ್ದರೆ ಮೋಟರ್ ನೇಮ್‌ಪ್ಲೇಟ್ ವ್ಯಾಟ್ ನೋಡಿಕೊಳ್ಳಿ. ಶುರುವಾಗುವಾಗ ಅದರ ಕೆಲವು ಪಟ್ಟು ಎಳೆಯುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಮೋಟರ್ ಬಿಸಿಯಾಗಿ ಕೊರಗುತ್ತದೆ, ಪ್ಯೂರ್ ಸೈನ್ ವೇವ್ ಇದ್ದರೆ ಮಾತ್ರ ಕೊಡಿ.

ಮೂವತ್ತು_ನಲವತ್ತು:

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಸೆಂಟ್ರಲ್ ಮೋಟರ್, ಸೆನ್ಸರ್ ಟರ್ಮಿನಲ್ ಇರುವ ಬೋರ್ಡ್, ಕೆಳಗೆ ಒಂದು ಜೊತೆ ಕಿರಣದ ಸೆನ್ಸರ್, ರೋಲಿಂಗ್ ಕೋಡ್ ರಿಮೋಟ್ ಎರಡು, ಸರ್ಜ್ ಪ್ರೊಟೆಕ್ಟರ್ ಹಾಕಿಸಿದೆ. ಪಕ್ಕದಲ್ಲಿ ಸಣ್ಣ ಗೇಟು ಇದೆ, ಹಾಗಾಗಿ ಹೊರಗಿನ ಡಬ್ಬಿ ಬೇಕಾಗಲಿಲ್ಲ. ಹೊಸ ಸ್ಪ್ರಿಂಗ್ ಸೇರಿಯೂ ಮೊದಲು ಹೇಳಿದ 34 ಸಾವಿರಕ್ಕಿಂತ ಕಡಿಮೆ ಆಯಿತು. ನಿನ್ನೆ ಮಧ್ಯಾಹ್ನ ಕರೆಂಟ್ ಇಲ್ಲದಾಗ ಅಪ್ಪ ತಾವೇ ಕೇಬಲ್ ಸಿಕ್ಕಿಸಿ ಶಟರ್ ಎತ್ತಿ ನನಗೆ ಫೋನ್ ಮಾಡಿದರು. ಅವರ ದನಿ ಕೇಳಿ ನನಗೆ ಕಣ್ಣು ತುಂಬಿತು.

ಒಂದು ಅನುಮಾನ ಉಳಿದಿದೆ. ರಟ್ಟಿನ ಡಬ್ಬಿ ಅಡ್ಡ ಇಟ್ಟರೆ ಶಟರ್ ವಾಪಸ್ ಹೋಗುತ್ತದೆ. ಮಗಳ ಸೈಕಲ್ ಇಟ್ಟಾಗ ಒಂದು ಸಲ ಹೋಗಲಿಲ್ಲ, ಕಿರಣ ಚಕ್ರದ ಕಡ್ಡಿಗಳ ಸಂದಿನಲ್ಲಿ ಹಾದುಹೋಯಿತು. ನಾನು ಬಟನ್ ಬಿಟ್ಟಿದ್ದಕ್ಕೆ ನಿಂತಿತು.

ಮರಳಿ_ಬಂದವಳು:

ಒಳ್ಳೆಯದು ಮಾಡಿದಿರಿ, ಇಟ್ಟು ನೋಡಿದ್ದಕ್ಕೆ ಗೊತ್ತಾಯಿತು. ಇನ್ನೊಂದು ಜೊತೆ ಸೆನ್ಸರ್ ಮಗಳ ಎದೆಯ ಎತ್ತರಕ್ಕೆ ಹಾಕಿಸಿ. ಕೆಳಗಿನದನ್ನು ತೆಗೆಯಬೇಡಿ.

ರಿಲೇ_ಬೋರ್ಡ್:

ಎರಡು ಜೊತೆಯನ್ನೂ ಒಂದೇ ಟರ್ಮಿನಲ್‌ಗೆ ಸರಣಿಯಲ್ಲಿ ಜೋಡಿಸಲು ಹೇಳಿ. ಸೆನ್ಸರಿನ ಎನ್‌ಸಿ ಕಾಂಟ್ಯಾಕ್ಟ್ (ಕಿರಣ ಸರಿಯಿರುವಾಗ ಕೂಡಿಕೊಂಡಿದ್ದು, ತುಂಡಾದರೆ ಬಿಟ್ಟುಕೊಳ್ಳುವ ಸಂಪರ್ಕ) ಬಳಸಿದರೆ ಯಾವ ಕಿರಣ ತುಂಡಾದರೂ ಕೆಲಸ ಮಾಡುತ್ತದೆ, ವೈರ್ ಕಡಿದು ಹೋದರೂ ಶಟರ್ ಇಳಿಯುವುದಿಲ್ಲ. ಹಾಕಿಸಿದ ಮೇಲೆ ಅದೇ ಸೈಕಲನ್ನು ಇನ್ನೊಮ್ಮೆ ಇಟ್ಟು ನೋಡಿ.