ಬೆಳಕು ಬೀರುವ ಬ್ಯಾಕ್ಟೀರಿಯಾ: ಮೂರು ಪದ ಬೇಕಾಗಿವೆ

ಬಲ್ಲವರಲ್ಲಿ ಒಂದು ಕೇಳಿಕೆ. ಮಂಡ್ಯದ ಪದವಿ ವಿದ್ಯಾರ್ಥಿಗಳಿಗೆಂದು ನೀರಿನ ಪರೀಕ್ಷೆ ಕುರಿತು ಕನ್ನಡದಲ್ಲೊಂದು ಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ ಅಲಿವಿಬ್ರಿಯೊ ಫಿಶರಿ ಎಂಬ ಕಡಲ ಬ್ಯಾಕ್ಟೀರಿಯಾದ ಭಾಗ ಬಂದಿದ್ದೇ ತಡ, ಕೆಲಸ ನಿಂತಿದೆ: ಲ್ಯುಮಿನೆಸೆಂಟ್, ಟಾಕ್ಸಿಸಿಟಿ, ಸ್ಕ್ರೀನಿಂಗ್, ಈ ಮೂರಕ್ಕೆ ಒಪ್ಪುವ ಕನ್ನಡ ಪದ ಸಿಗುತ್ತಿಲ್ಲ.

ಇದು ತಾನೇ ನೀಲಿ-ಹಸಿರು ಬೆಳಕು ಬೀರುತ್ತದೆ. ಆ ಬೆಳಕಿನ ಹಿಂದಿರುವ ಲೂಸಿಫರೇಸ್ ಕಿಣ್ವದ ಕೆಲಸ ಕೋಶದ ಉಸಿರಾಟಕ್ಕೆ ತಳುಕು ಹಾಕಿಕೊಂಡಿದೆ. ಹಾಗಾಗಿ ರಾಸಾಯನಿಕವೊಂದು ಕೋಶಕ್ಕೆ ಪೆಟ್ಟು ಕೊಟ್ಟರೆ ಬೆಳಕು ಕುಗ್ಗುತ್ತದೆ. ಐಎಸ್‌ಒ 11348 ಎಂಬ ಅಂತರರಾಷ್ಟ್ರೀಯ ಮಾನಕದಂತೆ ನೀರಿನ ಮಾದರಿಗೆ ಈ ಬ್ಯಾಕ್ಟೀರಿಯಾ ಸೇರಿಸಿ 15 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು 5, 15, 30 ನಿಮಿಷಕ್ಕೆ ಬೆಳಕು ಅಳೆಯುತ್ತಾರೆ. ನಮ್ಮ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಸಿಹಿನೀರಿಗೂ ಶೇ 2ರಷ್ಟು ಉಪ್ಪು ಬೆರೆಸಲೇಬೇಕು. ಇಲ್ಲದಿದ್ದರೆ ಕಡಲ ಜೀವಿ ಉಪ್ಪು ಸಾಲದೆ ಮಂಕಾಗುತ್ತದೆ, ಅಪವಾದ ನಾಲೆಗೆ ಬರುತ್ತದೆ.

ಲ್ಯುಮಿನೆಸೆಂಟ್‌ಗೆ, ಅಂದರೆ ತಾನೇ ಬೆಳಕು ಕೊಡುವುದಕ್ಕೆ, 'ಹೊಳೆಯುವ' ಎನ್ನೋಣವೆಂದರೆ ಸ್ಟೀಲ್ ಲೋಟವೂ ಹೊಳೆಯುತ್ತದೆ, ಎರವಲು ಬೆಳಕಲ್ಲಿ. 'ಮಿನುಗುವ' ಮಿಂಚುಹುಳಕ್ಕೆ ಸರಿ. ಇದು ಹತ್ತಿ ಆರುವ ಬೆಳಕಲ್ಲ. 'ಬೆಳಗುವ' ಎಂದು ಬರೆದು ಮನೆಯಲ್ಲಿ ಓದಿದೆ. "ಏನ್ರೀ, ಪಾತ್ರೆ ಬೆಳಗೋ ಬ್ಯಾಕ್ಟೀರಿಯಾನಾ?" ಅಂದರು. ಸದ್ಯಕ್ಕೆ 'ಬೆಳಕು ಬೀರುವ' ಎಂದಿಟ್ಟಿದ್ದೇನೆ. ಉದ್ದವಾಯಿತು.

ಟಾಕ್ಸಿಸಿಟಿಗೆ ಪುಸ್ತಕಗಳಲ್ಲಿ 'ವಿಷತ್ವ' ಇದೆ. ನನಗೇಕೋ 'ನಂಜು' ಹತ್ತಿರ ಎನಿಸುತ್ತದೆ. ವಿಷವೆಂದರೆ ಕುಡಿದವರು ಉಳಿಯುವುದಿಲ್ಲ ಎಂಬ ಭಾವ. ನಂಜಿನಲ್ಲಿ ಹೆಚ್ಚು ಕಡಿಮೆ ಉಂಟು, ಬದನೆಕಾಯಿಯೂ ನಂಜೇ. ತೊಡಕೆಂದರೆ ಗಾಯ ಕೀವಾದರೂ ನಮ್ಮಲ್ಲಿ 'ನಂಜಾಯ್ತು' ಎನ್ನುತ್ತಾರೆ. ಬ್ಯಾಕ್ಟೀರಿಯಾದ ಪಾಠದಲ್ಲಿ ನಂಜು ಎಂದರೆ ಹುಡುಗರು ಬ್ಯಾಕ್ಟೀರಿಯಾವನ್ನೇ ಅಪರಾಧಿ ಮಾಡಿಬಿಟ್ಟಾರು.

ಸ್ಕ್ರೀನಿಂಗ್ ಎಲ್ಲಕ್ಕಿಂತ ಕಷ್ಟದ್ದು. 'ಪರೀಕ್ಷೆ' ಎಂದರೆ ಇಲ್ಲದ ಭರವಸೆ ಕೊಟ್ಟಂತೆ. ಬೆಳಕು ಕುಗ್ಗಿದ್ದಕ್ಕೆ ಸತು ಕಾರಣವೋ ಫೀನಾಲ್ ಕಾರಣವೋ ಈ ವಿಧಾನ ಹೇಳುವುದಿಲ್ಲ, ಮನುಷ್ಯರು ಕುಡಿಯಬಹುದೇ ಎಂಬುದನ್ನಂತೂ ಹೇಳುವುದೇ ಇಲ್ಲ. ಹತ್ತಾರು ಮಾದರಿಗಳಲ್ಲಿ ಯಾವುದನ್ನು ಮೊದಲು ಕೂಲಂಕಷವಾಗಿ ನೋಡಬೇಕು ಎಂದು ಬೇರ್ಪಡಿಸಿ ಕೊಡುತ್ತದೆ, ಅಷ್ಟೆ. 'ತಪಾಸಣೆ' ಎಂದೊಡನೆ ಹೆಲ್ಮೆಟ್ ನೆನಪಾಗುತ್ತದೆ. 'ಶೋಧನೆ' ಸಂಶೋಧನೆಯ ಪಾಲಾಯಿತು. ನಮ್ಮ ಕಡೆಯ ಮಾತಲ್ಲಿ 'ಒಂದರಿ ಆಡೋದು' (ಜರಡಿ ಹಿಡಿಯೋದು) ಇದೆ, ಅರ್ಥಕ್ಕೆ ತಕ್ಕದ್ದು. 'ಒಂದರಿ ಪರೀಕ್ಷೆ' ಎಂದರೆ ಧಾರವಾಡ, ಕಲಬುರಗಿಯ ಓದುಗರಿಗೆ ದಕ್ಕೀತೇ? ಅಥವಾ ಎಲ್ಲರಿಗೂ ಗೊತ್ತಿರುವ 'ಜರಡಿ'ಗೇ ಹೋಗಲೇ?

ಜೊತೆಗೆ ಇನ್ನೊಂದು. ಬೆಳಕನ್ನು ಅರ್ಧಕ್ಕಿಳಿಸುವ ಸಾಂದ್ರತೆಗೆ ಇಸಿ50 ಎನ್ನುತ್ತಾರೆ. ಅಂಕಿ ಚಿಕ್ಕದಾದಷ್ಟೂ ವಸ್ತು ಹೆಚ್ಚು ಅಪಾಯಕಾರಿ. 'ಅರ್ಧಬೆಳಕಿನ ಅಳತೆ' ಎಂದು ಹೊಸೆದಿದ್ದೇನೆ, ಆದರೆ ಈ ತಲೆಕೆಳಗು ಲೆಕ್ಕ ಅದರಲ್ಲಿ ಕಾಣುವುದಿಲ್ಲ.

ಕರಾವಳಿಯವರಿಗೆ ವಿಶೇಷ ವಿನಂತಿ: ರಾತ್ರಿ ಅಲೆಗಳು ನೀಲಿಯಾಗಿ ಬೆಳಗಿದರೆ ಮೀನುಗಾರರು ಅದಕ್ಕೇನನ್ನುತ್ತಾರೆ? ಅದು ಸಾಮಾನ್ಯವಾಗಿ ನಾಕ್ಟಿಲುಕದಂಥ ಸೂಕ್ಷ್ಮಜೀವಿಗಳ ಕೆಲಸ, ಬ್ಯಾಕ್ಟೀರಿಯಾದ್ದಲ್ಲ. ಆದರೂ ಅಲ್ಲೊಂದು ಚಿಕ್ಕ ಕ್ರಿಯಾಪದ ಬಳಕೆಯಲ್ಲಿದ್ದರೆ ತಿಳಿಸಿ, ತುಳುವಾದರೂ ಸರಿ, ಕೊಂಕಣಿಯಾದರೂ ಸರಿ.