ಅಕ್ಕ, ಆ ಮಾವಿನಹಣ್ಣಿನ ಫ್ಲೇವರ್ ವಿಷಯ

ಅಕ್ಕ, ಹುಡುಗನ ಬ್ಯಾಗಲ್ಲಿ ಪೆನ್‌ಡ್ರೈವ್ ತರದ ವೇಪ್, ಅಂದರೆ ಇ-ಸಿಗರೇಟು ಸಿಕ್ಕಿತು, ಮಾವಿನಹಣ್ಣಿನ ವಾಸನೆ ಬರುತ್ತಿದೆ, 'ತಂಬಾಕೇ ಇಲ್ಲ, ತಿನ್ನೋ ಫ್ಲೇವರ್ ಅಷ್ಟೇ' ಅಂತಾನೆ, ನಿಜಾನಾ ಅಂತ ಗ್ರೂಪಲ್ಲಿ ಕೇಳಿದ್ದೀಯಲ್ಲ. ಭಾವ 'ಸಿಗರೇಟಿಗಿಂತ ವಾಸಿ ಬಿಡು' ಅಂತ ಬರೆದಿದ್ದಾರೆ. ಟೈಪ್ ಮಾಡುತ್ತಾ ಕೂತರೆ ಮುಗಿಯಲ್ಲ, ಅದಕ್ಕೇ ವಾಯ್ಸ್ ಕಳಿಸುತ್ತಿದ್ದೇನೆ. ಪೂರ್ತಿ ಕೇಳು.

ಮಂಡ್ಯದಲ್ಲಿ ಬೇಕರಿ ಇಟ್ಟವನು ನಾನು, ದಿನಾ ಎಸೆನ್ಸ್ ಬಾಟಲಿ ಹಿಡಿಯುವವನು. ಬಿಸ್ಕತ್ತಿನ ಹಿಟ್ಟಿಗೆ ಬಟರ್ ಎಸೆನ್ಸ್ ಚೂರು ಬಿದ್ದರೆ ಸಾಕು, ಟ್ರೇ ಒಲೆಯಿಂದ ಈಚೆಗೆ ಬರುವಾಗ ಅಂಗಡಿಯೆಲ್ಲ ಘಮ್ ಅನ್ನುತ್ತದೆ. ಆ ಬೆಣ್ಣೆ ಘಮ ಕೊಡುವುದು ಡಯಾಸಿಟೈಲ್ ಅನ್ನೋ ಪದಾರ್ಥ. ನಿಜವಾದ ಬೆಣ್ಣೆಯಲ್ಲೂ ಅದು ಇರುತ್ತದೆ. ತಿಂದರೆ ಏನೂ ಆಗಲ್ಲ. ಬಿಸಿಯಾಗಿ, ಆವಿಯಾಗಿ, ದಿನಾ ಉಸಿರಿನ ಜೊತೆ ಒಳಗೆ ಹೋದರೆ ಬೇರೆ ಕಥೆ ಕಣಕ್ಕ.

ಅಮೆರಿಕದ ಮಿಸೌರಿಯಲ್ಲಿ ಒಂದು ಪಾಪ್‌ಕಾರ್ನ್ ಫ್ಯಾಕ್ಟರಿ. ಬಿಸಿ ಎಣ್ಣೆಗೆ ಬೆಣ್ಣೆ ಫ್ಲೇವರ್ ಕಲಸುವ ಕೆಲಸ. 2000ದಲ್ಲಿ, ಅಲ್ಲಿ ಮೊದಲು ಕೆಲಸ ಮಾಡಿದ್ದ 8 ಜನರಿಗೆ ಶ್ವಾಸಕೋಶ ಕೆಟ್ಟಿರುವುದು ಗೊತ್ತಾಯಿತು. ಒಳಗಿನ ಸಣ್ಣ ಸಣ್ಣ ಉಸಿರು ನಾಳಗಳು ಗಾಯವಾಗಿ, ಕಲೆಗಟ್ಟಿ ಮುಚ್ಚಿಕೊಳ್ಳುವ ಕಾಯಿಲೆ. ಒಮ್ಮೆ ಮುಚ್ಚಿಕೊಂಡ ನಾಳ ಮತ್ತೆ ತೆರೆಯುವುದಿಲ್ಲ. ಕೆಲವರಿಗೆ ಶ್ವಾಸಕೋಶವನ್ನೇ ಬದಲಾಯಿಸಬೇಕು ಅನ್ನುವ ಮಟ್ಟಕ್ಕೆ ಹೋಗಿತ್ತು. ಅವರಿಗೆ ಆಗಿದ್ದು ಪಾಪ್‌ಕಾರ್ನ್ ತಿಂದು ಅಲ್ಲ, ಆ ಗಾಳಿ ಕುಡಿದು.

2015ರಲ್ಲಿ ಅಮೆರಿಕದ ಹಾರ್ವರ್ಡ್ ಯೂನಿವರ್ಸಿಟಿಯವರು ಫ್ಲೇವರ್ ಇರುವ 51 ತರದ ವೇಪ್ ಪರೀಕ್ಷೆ ಮಾಡಿದರು. 39ರಲ್ಲಿ ಇದೇ ಡಯಾಸಿಟೈಲ್ ಸಿಕ್ಕಿತು. ಹಣ್ಣು, ಕ್ಯಾಂಡಿ ಫ್ಲೇವರ್‌ಗಳಲ್ಲೂ ಇತ್ತು. ವೇಪ್ ಸೇದಿದವರಿಗೆಲ್ಲ ಆ ಕಾಯಿಲೆ ಬರುತ್ತದೆ ಅಂತ ನಾನು ಹೇಳುತ್ತಿಲ್ಲ, ಸುಮ್ನೆ ಹೆದರಬೇಡ. ಆದರೆ 'ತಿನ್ನೋದು ತಾನೆ' ಅನ್ನೋ ಮಾತನ್ನು ನಾನು ಒಪ್ಪಲ್ಲ.

2019ರಲ್ಲಿ ಅಮೆರಿಕದಲ್ಲಿ ವೇಪ್‌ನಿಂದ ಸತ್ತವರ ಫಾರ್ವರ್ಡ್ ಕೂಡ ಗ್ರೂಪಲ್ಲಿ ಬಂದಿದೆ. ಅದು ಬೇರೆ. ಅಲ್ಲಿ ಮುಖ್ಯ ಕಾರಣ ಗಾಂಜಾ ಎಣ್ಣೆಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ಅದೂ ನೋಡು, ನುಂಗಿದರೆ ತೊಂದರೆ ಕೊಡದ ವಸ್ತುವೇ.

ಭಾವನ ಮಾತಿಗೆ ಬರುತ್ತೇನೆ. ಸಿಗರೇಟಿನ ಹೊಗೆಯಲ್ಲಿ ಡಯಾಸಿಟೈಲ್ ಇನ್ನೂ ಜಾಸ್ತಿ ಇರುತ್ತದೆ, ನಿಜ. ಆದರೆ ಭಾವ, ನಮ್ಮ ಹುಡುಗ ಸಿಗರೇಟು ಬಿಡೋಕೆ ಇದನ್ನು ಹಿಡಿದವನಲ್ಲ, ಅವನು ಶುರು ಮಾಡಿದ್ದೇ ಇದರಿಂದ. ತಂಬಾಕು ಇಲ್ಲ ಅಂದ ಮಾತ್ರಕ್ಕೆ ನಿಕೋಟಿನ್ ಇಲ್ಲ ಅಂತ ಅಲ್ಲ. ಒಳ್ಳೆ ಫ್ಲೇವರ್ ಇದ್ದರೆ ನಿಕೋಟಿನ್ ಖಾರ ಗಂಟಲಿಗೆ ಗೊತ್ತೇ ಆಗಲ್ಲ, ಚಟ ಮಾತ್ರ ಅಂಟಿಕೊಳ್ಳುತ್ತದೆ. 2019ರಿಂದ ದೇಶದಲ್ಲೇ ಇದರ ಮಾರಾಟ ನಿಷೇಧ. ಅಂದರೆ ಅವನಿಗೆ ಸಿಕ್ಕಿದ್ದು ಕಳ್ಳ ಮಾಲು. ಒಳಗೆ ಏನಿದೆ ಅಂತ ಯಾರೂ ಪರೀಕ್ಷೆ ಮಾಡಿರಲ್ಲ, ಲೇಬಲ್ ನಂಬೋಕಾಗಲ್ಲ.

ಬೈಯಬೇಡ ಅಕ್ಕ, ಬೈದರೆ ಇನ್ನೊಂದು ಕಡೆ ಬಚ್ಚಿಡುತ್ತಾನೆ ಅಷ್ಟೇ. ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು ಇದೆಯಾ ಕೇಳು. ಇದ್ದರೆ ಮೈಸೂರಿನ ಪಿಕೆಟಿಬಿ, ಅದೇ ಕ್ಷಯ ಮತ್ತು ಎದೆರೋಗದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ, ನಾನೂ ಬರುತ್ತೇನೆ. ವೇಪ್ ಸೇದಿದ್ದನ್ನು ಡಾಕ್ಟರ ಹತ್ತಿರ ಮುಚ್ಚಿಡೋದು ಬೇಡ. ಬಿಡೋಕೆ ಕಷ್ಟ ಅಂದರೆ 1800-11-2356ಕ್ಕೆ ಫೋನ್ ಮಾಡಿಸು, ಸರ್ಕಾರದ್ದು, ದುಡ್ಡಿಲ್ಲ. ಆಮೇಲೆ ಆ ವೇಪನ್ನು ಪುಟ್ಟಿಯ ಕೈಗೆ ಸಿಗದ ಹಾಗೆ ಈಗಲೇ ಎತ್ತಿಡು. ಒಳಗಿನ ದ್ರವ ಮಕ್ಕಳ ಬಾಯಿಗೆ ಹೋದರೆ ವಿಷ.