ದಂಗೆ, ಬಂಡಾಯ, ಸಂಗ್ರಾಮ: ಫಲಕದ ಮೇಲೆ ಯಾವುದು?

ಗೆಳೆಯರೇ,

1837ರಲ್ಲಿ ಅಮರ ಸುಳ್ಯದ ರೈತರು ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಎದ್ದದ್ದರ ಬಗ್ಗೆ ಒಂದು ಫಲಕಕ್ಕೆ ನಾಲ್ಕು ಸಾಲು ಬರೆಯಬೇಕಾಗಿದೆ. ತಲೆಬರಹದಲ್ಲೇ ಸಿಕ್ಕಿಕೊಂಡಿದ್ದೇನೆ.

1834ರಲ್ಲಿ ಕಂಪನಿ ಕೊಡಗನ್ನು ವಶಪಡಿಸಿಕೊಂಡು ಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅದುವರೆಗೆ ಬೆಳೆಯಲ್ಲಿ ಕೊಡುತ್ತಿದ್ದ ಕಂದಾಯವನ್ನು ದುಡ್ಡಿನಲ್ಲೇ ಕಟ್ಟಬೇಕಾಯಿತು. ರೈತರು ಮಂಗಳೂರಿನವರೆಗೆ ನುಗ್ಗಿ, ಊರನ್ನು 13 ದಿನ ಕೈಯಲ್ಲಿಟ್ಟುಕೊಂಡರು.

ಇದಕ್ಕೆ 'ದಂಗೆ' ಎಂದರೆ ಆಳುವವರ ಮಾತಾಯಿತು ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. 'ಹಲಗಲಿ ಬೇಡರ ದಂಗೆ' ಎಂದು ನಾವೇ ಹೆಮ್ಮೆಯಿಂದ ಹೇಳುತ್ತೇವೆ, ಅಲ್ವಾ? 'ಬಂಡಾಯ'ದ ಬಗ್ಗೆಯೇ ನನಗೆ ಅನುಮಾನ ಜಾಸ್ತಿ. ಬಂಡಾಯ ಅಭ್ಯರ್ಥಿ ಎಂದರೆ ತನ್ನದೇ ಪಕ್ಷಕ್ಕೆ ತಿರುಗಿಬಿದ್ದವನು. ಮೂರು ವರ್ಷದ ಹಿಂದೆ ಬಂದು ಕೂತ ಕಂಪನಿ ಈ ರೈತರಿಗೆ 'ತನ್ನದು' ಆಗಿದ್ದು ಯಾವಾಗ? 'ಸ್ವಾತಂತ್ರ್ಯ ಸಂಗ್ರಾಮ' ಎಂದು ಬರೆಯಲು ಮನಸ್ಸೇನೋ ಎಳೆಯುತ್ತದೆ. ಆದರೆ ಅವರು ಕೊಡಗಿನ ಅರಸು ಮನೆತನದವನೆಂದು ಹೇಳಲಾದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಹೊರಟವರು. ಕೇಳಿದ್ದು ಆ ಮನೆತನದ ಆಳ್ವಿಕೆಯನ್ನು. 1947ರ ಅರ್ಥವನ್ನು ಅವರ ಬಾಯಿಗೆ ತುರುಕುವುದು ಸರಿಯೇ?

ಕಲ್ಲಿನ ಮೇಲೆ ಕೂತ ಪದವನ್ನು ಆಮೇಲೆ ಬದಲಿಸುವುದೂ ಸುಲಭವಲ್ಲ. ದೆಹಲಿಯ ರಿಡ್ಜ್ ಎಂಬ ಗುಡ್ಡಸಾಲಿನ ಮೇಲೆ ಬ್ರಿಟಿಷರು ಕಟ್ಟಿದ 1857ರ ಸ್ಮಾರಕದಲ್ಲಿ ಎದ್ದವರನ್ನು 'ಶತ್ರು' ಎಂದು ಕೆತ್ತಿದ್ದಾರೆ. 1972ರಲ್ಲಿ ಆ ಸ್ಮಾರಕಕ್ಕೆ ಅಜಿತ್‌ಗಢ ಎಂದು ಹೊಸ ಹೆಸರಿಟ್ಟರು. ಇಲ್ಲಿ ಶತ್ರು ಎಂದಿರುವುದು ವಿದೇಶಿ ಆಳ್ವಿಕೆಯ ವಿರುದ್ಧ ಹೋರಾಡಿದವರನ್ನು ಎಂದು ತಿಳಿಸುವ ಇನ್ನೊಂದು ಫಲಕವನ್ನೂ ಹಾಕಿದರು. ಹಳೆಯ ಅಕ್ಷರ ಹಾಗೇ ಉಳಿದಿದೆ.

ಕ್ರಿಯಾಪದದಲ್ಲೂ ಪಕ್ಷಪಾತ ಅಡಗಿರುತ್ತದೆ. ಈ ಹೋರಾಟದ ಮುಂದಾಳುಗಳಲ್ಲೊಬ್ಬರಾದ 'ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು' ಎಂದರೆ ಏರಿಸಿದವರು ಮಾಯ. 'ಕಂಪನಿ ಗಲ್ಲಿಗೇರಿಸಿತು' ಎಂದೇ ಬರೆಯುತ್ತೇನೆ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಈಗ ಕೇಳಬೇಕಾದ್ದು. 'ರೈತರು ಎದ್ದರು' ಎಂಬುದು ಎಷ್ಟು ಚೆನ್ನಾಗಿದೆ! ಆದರೆ ಈ 'ಏಳು'ವಿನಿಂದ ತಲೆಬರಹಕ್ಕೆ ಒಗ್ಗುವ ನಾಮಪದ ಸಿಗುತ್ತಿಲ್ಲ. 'ಏಳ್ಗೆ' ಅಭಿವೃದ್ಧಿಯ ಕಡೆಗೆ ಹೋಗಿಬಿಟ್ಟಿದೆ. ನಿಮ್ಮ ಕಡೆಯ ಮಾತಿನಲ್ಲಿ ಬೇರೆ ರೂಪ ಇದೆಯೇ?

ಇನ್ನೊಂದು: ಜನ ಇದನ್ನು ಕಲ್ಯಾಣಸ್ವಾಮಿಯ ಹೆಸರು ಹಿಡಿದು 'ಕಲ್ಯಾಣಪ್ಪನ ಕಾಟಕಾಯಿ' ಎನ್ನುತ್ತಾರೆ. ಕಾಟಕಾಯಿ ಎಂದರೆ ಲೂಟಿ, ಹಾವಳಿ ಎಂದು ಕೇಳಿದ್ದೇನೆ. ಆ ಅರ್ಥ ಮೊದಲೇ ಇತ್ತೇ, ಅಥವಾ ಸೋತವರ ಮೇಲೆ ಆಮೇಲೆ ಹೊರಿಸಿದ್ದೇ? ಮನೆಯ ಹಿರಿಯರಿಂದ ಈ ಪದ ಕೇಳಿದವರು ದಯವಿಟ್ಟು ಬರೆಯಿರಿ.